ಹಳ್ಳದ ಅಂಚಿನ ಜಾಗ: ಗೋಡೆಗಿಂತ ಮೊದಲು ಗಟಾರ

ಪ್ರಶ್ನೆ: ಖಾನಾಪುರ ತಾಲ್ಲೂಕಿನಲ್ಲಿ, ಜಾಂಬೋಟಿ ಕಡೆ ಹೋಗುವ ರಸ್ತೆಗೆ ಹತ್ತಿ ನಮ್ಮದೊಂದು ಐದೂವರೆ ಗುಂಟೆ ಜಾಗ ಇದೆ. ರಸ್ತೆಯ ಉದ್ದಕ್ಕೆ 100 ಅಡಿ, ಒಳಗೆ 60 ಅಡಿ. ರಸ್ತೆಯ ಆಚೆ ಒಂದು ಎಕರೆಯಷ್ಟು ಏರು ಹೊಲ. ಅದರ ನೀರು ರಸ್ತೆ ದಾಟಿ ನಮ್ಮ ಜಾಗದೊಳಗೇ ಬರುತ್ತದೆ. ಹಿಂದುಗಡೆ ನೆಲ ಒಮ್ಮೆಲೇ 20 ಅಡಿ ಕೆಳಗಿಳಿದು ಹಳ್ಳ ಸೇರುತ್ತದೆ. ಆ ಇಳಿಜಾರು ಅಡ್ಡಕ್ಕೆ ಅಳೆದರೆ 25 ಅಡಿ. ಕಳೆದ ಆಶ್ಲೇಷಾ ಮಳೆಯಲ್ಲಿ ಅಂಚಿನಿಂದ ನಾಲ್ಕು ಅಡಿ ಈಚೆಗೆ ಬೆರಳು ತೂರುವಷ್ಟು ಅಗಲದ ಬಿರುಕು ಬಿಟ್ಟಿತು, ಉದ್ದ ಸುಮಾರು 25 ಅಡಿ. ಒಂದು ಬಂಡಿಯಷ್ಟು ಮಣ್ಣು ಜಾರಿ ಹಳ್ಳಕ್ಕೆ ಬಿತ್ತು. 30 ಅಡಿಗೆ 40 ಅಡಿಯ ಮನೆ ಕಟ್ಟಬೇಕೆಂದಿದ್ದೇವೆ. ಇಳಿಜಾರಿನಲ್ಲಿ 12 ಅಡಿ ಎತ್ತರದ ಕಲ್ಲಿನ ಗೋಡೆ ಎಬ್ಬಿಸಿ ಹಿಂದೆ ಮಣ್ಣು ತುಂಬಿದರೆ 15 ಅಡಿ ಜಾಗ ಹೆಚ್ಚು ಸಿಗುತ್ತದೆ ಎಂದು ನಮ್ಮ ಗೌಂಡಿ ಹೇಳುತ್ತಾರೆ. "ಏನೂ ಆಗಂಗಿಲ್ರೀ, ಕಲ್ಲಿನ ಗ್ವಾಡಿ ಐತಿ" ಅನ್ನುತ್ತಾರೆ. ಶಿರೂರಿನ ಗುಡ್ಡ ಕುಸಿದ ಸುದ್ದಿ ನೋಡಿದಾಗಿನಿಂದ ನಮ್ಮ ಅವ್ವ ಈ ಜಾಗವೇ ಬೇಡ ಅನ್ನುತ್ತಾಳೆ. ಇಲ್ಲಿ ಮನೆ ಕಟ್ಟಬಹುದೇ? ಗೋಡೆ ಸಾಕೇ? ಲಾವಂಚ ಹಚ್ಚಿದರೆ ಮಣ್ಣು ನಿಲ್ಲುತ್ತದೆಯೇ? ಇಂಗುಗುಂಡಿಗೆ ಹಿಂದಿನ ಮೂಲೆ ಗುರುತು ಮಾಡಿದ್ದೇವೆ.

ಉತ್ತರ: ನಿಮ್ಮ ಅವ್ವನ ಹೆದರಿಕೆ ಸುಳ್ಳಲ್ಲ. ಆದರೆ ನೀವು ಕೊಟ್ಟ ಅಳತೆ ನೋಡಿದರೆ ಜಾಗ ಬಿಟ್ಟುಬಿಡುವ ಹೊತ್ತು ಬಂದಿಲ್ಲ. ಮನೆಯನ್ನು ರಸ್ತೆಯ ಕಡೆ ಸರಿಸಿದರೆ ಕಟ್ಟಬಹುದು ಅನಿಸುತ್ತದೆ. ಬಿಡಬೇಕಾದದ್ದು 12 ಅಡಿ ಗೋಡೆ ಮತ್ತು 15 ಅಡಿ ತುಂಬುಮಣ್ಣಿನ ಆಸೆಯನ್ನು. ಇಂಗುಗುಂಡಿಯನ್ನೂ ಹಿಂದಿನ ಮೂಲೆಯಿಂದ ತೆಗೆಯಿರಿ. ಏಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಾಳೆ ಗೌಂಡಿಯ ಮುಂದೆ ನಿಂತು ಮಾತಾಡಬೇಕಾದವರು ನೀವು.

ಮೊದಲು ಮಣ್ಣು. ಖಾನಾಪುರದ ಪಶ್ಚಿಮ ಭಾಗದಲ್ಲಿ ಬಹಳ ಕಡೆ ಮೇಲಿರುವುದು ಜಂಬಿಟ್ಟಿಗೆಯ ಕೆಂಪು ಪದರ. ಗಾಳಿ ಬಿಸಿಲಿಗೆ ತೆರೆದುಕೊಂಡಷ್ಟೂ ಅದು ಗಟ್ಟಿಯಾಗುತ್ತದೆ; ಹಾರೆ ಹಾಕಿದರೆ ಟಣ್ ಅನ್ನುತ್ತದೆ. ಆ ಸದ್ದು ಕೇಳಿಯೇ ಎಷ್ಟೋ ಜನ "ನಮ್ಮದು ಕಲ್ಲಿನ ನೆಲ" ಎಂದು ನಿಶ್ಚಿಂತರಾಗುತ್ತಾರೆ. ಅದರ ಕೆಳಗೆ ಬಿಳಿ, ಗುಲಾಬಿ, ಹಳದಿ ಕಲೆಗಳ ಮೆತ್ತನೆಯ ಜೇಡಿ ಇರುವುದುಂಟು. ಒಣಗಿದ್ದಾಗ ಅದೂ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ನೀರು ಕುಡಿದರೆ ಬೆರಳ ನಡುವೆ ಸಾಬೂನಿನ ಹಾಗೆ ಜಾರುತ್ತದೆ. ಮೇಲಿನ ಪದರದ ಸಂದುಗಳಲ್ಲಿ ಇಳಿದ ನೀರು ಈ ಜೇಡಿಯ ಮೇಲೆ ಬಂದು ತಡೆದು ನಿಂತು, ಪಕ್ಕಕ್ಕೆ ಹರಿದು, ಇಳಿಜಾರಿನ ಮುಖದಲ್ಲಿ ಒಸರುತ್ತದೆ. ನಿಮ್ಮ ಹಳ್ಳದ ಕಡೆ ಇಳಿದು ನೋಡಿ. ಇಳಿಜಾರಿನ ಮಧ್ಯದಲ್ಲೋ ಬುಡದಲ್ಲೋ ಒಂದೇ ಮಟ್ಟದಲ್ಲಿ ಹಸಿ ಪಟ್ಟಿ ಕಂಡರೆ, ಅಲ್ಲಷ್ಟೇ ಹಸಿರು ಹುಲ್ಲು ಇದ್ದರೆ, ಜೇಡಿ ಎಲ್ಲಿದೆ ಎಂದು ಅದೇ ಹೇಳುತ್ತದೆ. ಒಸರುವ ನೀರು ತಿಳಿಯಾಗಿದ್ದರೆ ಸ್ವಲ್ಪ ಸಮಾಧಾನ. ಕದಡಿ ಬರುತ್ತಿದ್ದರೆ ಒಳಗಿನಿಂದ ಮಣ್ಣು ಹೊರಗೆ ಸಾಗುತ್ತಿದೆ ಎಂದರ್ಥ. ಅಂಥ ಜಾಗದ ಬಗ್ಗೆ ನಾನು ಕಾಗದದಲ್ಲಿ ಸಲಹೆ ಕೊಡುವುದಿಲ್ಲ, ಮಣ್ಣಿನ ತಜ್ಞರೊಬ್ಬರು ಬಂದು ನೋಡಲೇಬೇಕು.

ಮಳೆಯ ಲೆಕ್ಕವೂ ಮುಖ್ಯ. ವಿಜಯಪುರದಲ್ಲಿ ಇಡೀ ವರ್ಷ ಬೀಳುವಷ್ಟು ಮಳೆ ನಿಮ್ಮಲ್ಲಿ ಜುಲೈ ಒಂದೇ ತಿಂಗಳಲ್ಲಿ ಬೀಳಬಹುದು. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗೆ ಹೋದಷ್ಟೂ ಅದು ಇನ್ನೂ ಹೆಚ್ಚು. ಇಂಥ ಕಡೆ ಇಳಿಜಾರು ಜಾರುವುದು ಮೊದಲ ದಿನದ ಜೋರು ಮಳೆಗಲ್ಲ. ಆರಿದ್ರ, ಪುನರ್ವಸು, ಪುಷ್ಯ ಎಲ್ಲ ಸುರಿದು ನೆಲ ಹೊಟ್ಟೆ ತುಂಬಾ ನೀರು ಕುಡಿದ ಮೇಲೆ ಬರುವ ಆಶ್ಲೇಷಾ ಮಳೆಗೆ. ನಿಮ್ಮ ಬಿರುಕು ಆಗಲೇ ಬಿಟ್ಟದ್ದು ಇದೇ ಕಾರಣಕ್ಕೆ. 2019ರ ಆಗಸ್ಟಿನಲ್ಲಿ ಬೆಳಗಾವಿ ಜಿಲ್ಲೆ ಮುಳುಗಿದ್ದೂ ಅದೇ ದಿನಗಳಲ್ಲಿ.

ಈಗ ನಿಮ್ಮ ಜಾಗಕ್ಕೆ ನೀರು ಎಲ್ಲೆಲ್ಲಿಂದ ಬರುತ್ತದೆ ನೋಡೋಣ. ಒಂದು, ಮೇಲಿನ ಹೊಲದಿಂದ. ಗಂಟೆಗೆ 75 ಮಿಲಿಮೀಟರಿನ ರಭಸದಲ್ಲಿ ಮಳೆ ಹೊಡೆಯಿತು ಅನ್ನಿ. ಅದರಲ್ಲಿ ಅರ್ಧ ನೆಲದಲ್ಲಿ ಇಂಗಿ ಅರ್ಧ ಹರಿದರೂ ಒಂದು ಎಕರೆಯಿಂದ ಸೆಕೆಂಡಿಗೆ ಸುಮಾರು 40 ಲೀಟರ್ ಬರುತ್ತದೆ. ಸೆಕೆಂಡಿಗೆ ಮೂರು ಕೊಡ ನೀರು ನಿಮ್ಮ ಅಂಗಳದ ಮೇಲೆ ಹಾದು, ಅಂಚಿನಿಂದ ಕೆಳಗೆ ದುಮುಕುತ್ತಿದೆ. ಎರಡು, ನೀವು ಕಟ್ಟಲಿರುವ ಮಾಳಿಗೆಯಿಂದ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. 30 x 40 ಅಡಿಯ ಮಾಳಿಗೆ ಸುಮಾರು 111 ಚದರ ಮೀಟರ್. ದಿನಕ್ಕೆ 100 ಮಿಲಿಮೀಟರ್ ಬಿದ್ದರೆ 11,000 ಲೀಟರ್, ದೊಡ್ಡ ಎರಡು ಟ್ಯಾಂಕರಿನಷ್ಟು. ಮೂರು, ಬಚ್ಚಲು ಮತ್ತು ಶೌಚದ ನೀರು. ಇದು ಕಡಿಮೆ, ಆದರೆ ವರ್ಷದ 365 ದಿನವೂ ಬರುವುದು ಇದೊಂದೇ. ಇಂಗುಗುಂಡಿ ಅಂಚಿನ ಹತ್ತಿರ ಇದ್ದರೆ ಬೇಸಿಗೆಯಲ್ಲೂ ಇಳಿಜಾರಿನ ಹೊಟ್ಟೆ ಒಣಗುವುದಿಲ್ಲ. ಮಳೆಗಾಲ ಬಂದಾಗ ಅದು ಮೊದಲೇ ತೊಯ್ದಿರುತ್ತದೆ.

ಮೇಲಿನ ಹೊಲದ ನೀರನ್ನು ಜಾಗದೊಳಗೆ ಬರುವ ಮೊದಲೇ ಹಿಡಿಯಬೇಕು. ರಸ್ತೆಯ ಅಂಚಿನ ಗಟಾರ ಮುಚ್ಚಿಹೋಗಿರಬೇಕು, ಇಲ್ಲದಿದ್ದರೆ ನೀರು ರಸ್ತೆ ದಾಟುತ್ತಿರಲಿಲ್ಲ. ಪಂಚಾಯಿತಿಗೆ ಅರ್ಜಿ ಕೊಟ್ಟು ಅದನ್ನು ಬಿಡಿಸಿಕೊಳ್ಳಿ. ಆದರೆ ಅದನ್ನೇ ನಂಬಿ ಕೂರಬೇಡಿ. ನಿಮ್ಮ ಗಡಿಯೊಳಗೆ, ಮುಂಭಾಗದ ಉದ್ದಕ್ಕೂ ನಿಮ್ಮದೇ ಗಟಾರ ಇರಲಿ. ಒಂದು ಅಡಿ ಅಗಲ, ಒಂದು ಅಡಿ ಆಳ, ನೂರಕ್ಕೆ ಒಂದು ಇಳಿತ ಇದ್ದರೆ ಲೆಕ್ಕಕ್ಕೆ ಸೆಕೆಂಡಿಗೆ 60 ಲೀಟರ್ ಮೇಲೆ ಸಾಗುತ್ತದೆ. ನಾನು ಒಂದೂವರೆ ಅಡಿ ಅಗಲ ಹೇಳುತ್ತೇನೆ. ಹೊಲದ ರಾಡಿ, ಎಲೆ, ಕಸ ಲೆಕ್ಕದಲ್ಲಿ ಇರುವುದಿಲ್ಲ, ಗಟಾರದಲ್ಲಿ ಇರುತ್ತವೆ; ಸಲಿಕೆ ಹಾಕಿ ಎತ್ತಲು ಜಾಗವೂ ಬೇಕು. ಇಳಿತವನ್ನು ಕಣ್ಣಂದಾಜಿನಲ್ಲಿ ಹಿಡಿಯಬೇಡಿ. ಗೌಂಡಿಯ ಲೆವೆಲ್ ಪೈಪಿನಲ್ಲಿ ನೀರು ತುಂಬಿ ಪ್ರತಿ ಹತ್ತು ಅಡಿಗೆ ಒಂದೂಕಾಲು ಇಂಚಿನಂತೆ ಇಳಿಸುತ್ತಾ ಹೋದರೆ ಸರಿಯಾಗುತ್ತದೆ. ಗಟಾರದ ತಳಕ್ಕೆ ಕಾಂಕ್ರೀಟ್ ಬೇಕೇ ಬೇಕು. ಮಣ್ಣಿನ ಗಟಾರ ತೋಡಿ ಬಿಟ್ಟರೆ ನೀರನ್ನು ನೀವೇ ಸಾಲು ಹಿಡಿದು ನೆಲದೊಳಗೆ ಇಳಿಸಿದಂತಾಗುತ್ತದೆ.

ಹಿಡಿದ ನೀರು ಕೊನೆಗೆ ಹಳ್ಳಕ್ಕೇ ಹೋಗಬೇಕು, ಪಕ್ಕದವರ ಹೊಲಕ್ಕಲ್ಲ. ಹೆಚ್ಚಿನವರು ಸೋಲುವುದು ಈ 20 ಅಡಿ ಇಳಿಸುವ ಕಡೆ. ಗಟಾರವನ್ನು ಅಂಚಿನವರೆಗೆ ತಂದು ಅಲ್ಲಿಗೇ ಕೈಬಿಟ್ಟರೆ ಒಂದೇ ಮಳೆಗಾಲದಲ್ಲಿ ಅಲ್ಲಿ ಆಳೆತ್ತರದ ಕೊರಕಲು ಬೀಳುತ್ತದೆ. ಬಿರುಕಿಲ್ಲದ ಕಡೆಯ ಮೂಲೆ ಆರಿಸಿ, ಮೆಟ್ಟಿಲುಮೆಟ್ಟಿಲಾದ ಕಾಂಕ್ರೀಟ್ ಗಟಾರ ಮಾಡಿಸಿ. ಪ್ರತಿ ಮೆಟ್ಟಿಲಲ್ಲಿ ನೀರು ಬಿದ್ದು ತನ್ನ ರಭಸ ಕಳೆದುಕೊಳ್ಳಬೇಕು. ಪಕ್ಕದ ಗೋಡೆ ಸಿಡಿಯುವ ನೀರಿಗಿಂತ ಎತ್ತರ ಇರಲಿ. ತಲೆಯ ಕಡೆ, ನೀರು ಒಳಗೆ ಬರುವಲ್ಲಿ, ಎರಡು ಅಡಿ ಆಳಕ್ಕೆ ಕಾಂಕ್ರೀಟ್ ಹಲ್ಲು, ಅಂದರೆ ನೆಲದೊಳಗೆ ಒಂದು ಅಡ್ಡಗೋಡೆ, ಇಳಿಸಿ. ಇಲ್ಲದಿದ್ದರೆ ನೀರು ಮೆಟ್ಟಿಲಿನ ಮೇಲೆ ಹೋಗದೆ ಅಡಿಯಲ್ಲಿ ನುಸುಳಿ ಇಡೀ ಗಟಾರವನ್ನು ಟೊಳ್ಳು ಮಾಡುತ್ತದೆ. ಬುಡದಲ್ಲಿ ದೊಡ್ಡ ಕಲ್ಲುಗಳ ಹಾಸು ಇರಲಿ. ಮಾಳಿಗೆಯ ನೀರನ್ನು ಪೈಪಿನಲ್ಲಿ ಕಟ್ಟಿ ಇದೇ ಮೆಟ್ಟಿಲ ಗಟಾರಕ್ಕೆ ಕೂಡಿಸಿ. "ಮಳೆನೀರು ಇಂಗಿಸಿ" ಎಂದು ನಾವೇ ಎಲ್ಲೆಡೆ ಹೇಳುತ್ತೇವೆ. ಬಾಗಲಕೋಟೆಯ ಬಯಲಿನಲ್ಲಿ ಅದು ಸರಿ, ನಿಮ್ಮ ಅಂಚಿನ ಮೇಲೆ ಸರಿಯಲ್ಲ. ನೀರು ಬೇಕಿದ್ದರೆ ಟಾಕಿಯಲ್ಲಿ ಹಿಡಿದಿಡಿ. ಇಂಗುಗುಂಡಿ ರಸ್ತೆಯ ಕಡೆಯ ಮೂಲೆಗೆ ಬರಲಿ. ಹಿತ್ತಲಲ್ಲಿ ಬಾಳೆ ಹಚ್ಚಿ ದಿನಾ ಪಾತಿಗೆ ನೀರು ಬಿಡುವ ಯೋಚನೆ ಇದ್ದರೆ ಅದನ್ನೂ ಮುಂದಕ್ಕೆ ತನ್ನಿ.

ಮನೆ ಅಂಚಿನಿಂದ ಎಷ್ಟು ದೂರ? ಐಎಸ್ 1904 ಎಂಬ ಭಾರತೀಯ ಮಾನಕದಲ್ಲಿ ಒಂದು ನಿಯಮ ಇದೆ: ಪಾಯದ ಕೆಳ ಅಂಚಿನಿಂದ ಇಳಿಜಾರಿನ ಮುಖಕ್ಕೆ ಅಡ್ಡಕ್ಕೆ ಮಣ್ಣಿನಲ್ಲಿ ಕನಿಷ್ಠ 90 ಸೆಂಟಿಮೀಟರ್, ಬಂಡೆಯಲ್ಲಿ 60 ಸೆಂಟಿಮೀಟರ್ ಇರಬೇಕು, ಮಣ್ಣಿನಲ್ಲಾದರೆ ಆ ಅಂಚಿನಿಂದ 30 ಡಿಗ್ರಿ ಕೆಳಮುಖವಾಗಿ ಎಳೆದ ಗೆರೆ ಇಳಿಜಾರನ್ನು ಸೀಳಿ ಹೊರಗೆ ಬರಬಾರದು. ನಿಮ್ಮ ಅಳತೆಗೆ ಹಾಕಿ ನೋಡಿದರೆ ಐದು ಅಡಿ ಆಳದ ಪಾಯಕ್ಕೆ ಅಂಚಿನಿಂದ ಮೂರು ಅಡಿ ಬಿಟ್ಟರೂ ನಿಯಮ ಪಾಲಿಸಿದಂತಾಗುತ್ತದೆ. ಆದರೆ ನಿಮ್ಮ ಬಿರುಕು ಇರುವುದೇ ನಾಲ್ಕು ಅಡಿಗೆ! ಆ ನಿಯಮ ಪಾಯದ ಭಾರವನ್ನು ನೆಲ ಹೊರುತ್ತದೆಯೇ ಎಂದು ಕೇಳುತ್ತದೆ. ತೊಯ್ದ ಇಳಿಜಾರು ತಾನೇ ನಿಲ್ಲುತ್ತದೆಯೇ ಎಂದು ಕೇಳುವುದಿಲ್ಲ. ಆದ್ದರಿಂದ ನಾನು ಬುಡದಿಂದ ಅಳೆಯುತ್ತೇನೆ. ಹಳ್ಳದ ಬುಡದಿಂದ, ಎತ್ತರ ಒಂದಕ್ಕೆ ಅಡ್ಡ ಎರಡರಂತೆ ಗೆರೆ ಎಳೆಯಿರಿ. 20 ಅಡಿ ಎತ್ತರಕ್ಕೆ 40 ಅಡಿ ಅಡ್ಡ; ಅದರಲ್ಲಿ 25 ಅಡಿ ಇಳಿಜಾರಿನಲ್ಲೇ ಹೋಯಿತು. ಉಳಿದ 15 ಅಡಿ ಅಂಚಿನಿಂದ ಈಚೆಗೆ ಬರುತ್ತದೆ. ಆ ಗೆರೆಯ ಈಚೆ ಮನೆ ಇರಲಿ. 60ರಲ್ಲಿ ಹಿಂದೆ 15 ಬಿಟ್ಟು, ಮನೆಗೆ 30 ತೆಗೆದರೆ, ಮುಂದೆ ಇನ್ನೂ 15 ಅಡಿ ಉಳಿಯುತ್ತದೆ. ಗಟಾರಕ್ಕೂ ಅಂಗಳಕ್ಕೂ ಸಾಕು. ನಿಮ್ಮ 40 ಅಡಿಯ ಬದಿ ರಸ್ತೆಗೆ ಸಮನಾಗಿ ಬರಬೇಕು, ಅಷ್ಟೇ. ಇದು ನನ್ನ ಅಂದಾಜು. ಪಾಯ ತೋಡುವ ಮೊದಲು ಎರಡು ಕಡೆ ಬೋರ್ ಹಾಕಿಸಿ ಮಣ್ಣು ಪರೀಕ್ಷೆ ಮಾಡಿಸಿ, ಅದರಲ್ಲೂ ಒಂದು ಬೋರ್ ಹಿಂಭಾಗದಲ್ಲಿ, ಹಳ್ಳದ ತಳಕ್ಕಿಂತ ಆಳಕ್ಕೆ ಇರಲಿ. ಮನೆಯ ಖರ್ಚಿನ ಮುಂದೆ ಅದು ದೊಡ್ಡದಲ್ಲ.

ಇನ್ನು ಗೋಡೆ. ಇಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಜನರ ದುಡ್ಡು ಹೆಚ್ಚು ಹೋಗುವುದು ಇಲ್ಲೇ. 15 ಅಡಿ ಹೊರಗೆ ಚಾಚಿ, ಹೊರ ಅಂಚಿನಲ್ಲಿ 12 ಅಡಿ ಎತ್ತರಕ್ಕೆ ತುಂಬಿದರೆ, ಗೋಡೆಯ ಪ್ರತಿ ಅಡಿ ಉದ್ದಕ್ಕೆ 90 ಘನ ಅಡಿ ಮಣ್ಣು ಬೇಕು. ಮನೆಯ ಹಿಂದೆ 60 ಅಡಿ ಉದ್ದ ತುಂಬಿಸುತ್ತೀರಿ ಅಂದುಕೊಂಡರೂ 5,400 ಘನ ಅಡಿ, ತೂಕ 270 ಟನ್ ಮೇಲೆ. ಕಳೆದ ವರ್ಷ ತನ್ನ ಭಾರವನ್ನೇ ತಾಳದೆ ಬಿರುಕು ಬಿಟ್ಟ ಇಳಿಜಾರಿನ ತಲೆಯ ಮೇಲೆ ಇದನ್ನು ಹೊರಿಸುವುದು ಹೇಗೆ ಸರಿ? ಗೋಡೆ ಗಟ್ಟಿಯಾಗಿದ್ದರೂ, ಗೋಡೆ, ತುಂಬಿದ ಮಣ್ಣು, ಅಡಿಯ ನೆಲ ಎಲ್ಲ ಒಟ್ಟಿಗೇ ಜಾರಬಹುದು.

ನೂಕುವ ಬಲದ ಲೆಕ್ಕವನ್ನೂ ಗೌಂಡಿಗೆ ತೋರಿಸಿ. 12 ಅಡಿ ಎತ್ತರದ ಗೋಡೆಯ ಹಿಂದೆ ಒಳ್ಳೆಯ ಗರಸು ಮಣ್ಣು ಒಣಗಿದ್ದಾಗ, ಒಂದು ಅಡಿ ಉದ್ದದ ಗೋಡೆಯನ್ನು ಸುಮಾರು ಒಂದೂಕಾಲು ಟನ್ ಬಲದಿಂದ ನೂಕುತ್ತದೆ. ಅದೇ ಗರಸಿನಲ್ಲಿ ನೀರು ಮೇಲಿನವರೆಗೆ ತುಂಬಿ ನಿಂತರೆ ಆ ಬಲ ಎರಡೂಮುಕ್ಕಾಲು ಟನ್ನಿನ ಹತ್ತಿರ ಹೋಗುತ್ತದೆ. ಎರಡು ಪಟ್ಟು ದಾಟಿತು, ಮಣ್ಣು ಒಂದು ಬುಟ್ಟಿಯೂ ಹೆಚ್ಚಾಗಿಲ್ಲ! ಹೆಚ್ಚಿದ್ದು ನೀರಿನ ಒತ್ತಡ ಮಾತ್ರ. ಅದಕ್ಕೇ ಗೋಡೆಯಲ್ಲಿ ನೀರು ಬಸಿಯುವ ತೂತು ಬಿಡುವುದು.

ಕೆಲವು ವರ್ಷಗಳ ಹಿಂದೆ ಬೆಳಗಾವಿಯ ಪಶ್ಚಿಮಕ್ಕೆ ಒಂದು ಮನೆಯ ಹಿಂದೆ ಬಿದ್ದ ಗೋಡೆ ನೋಡಲು ಕರೆದಿದ್ದರು. ಅಚ್ಚುಕಟ್ಟಾದ ಕಲ್ಲಿನ ಕೆಲಸ, ಸಂದುಗಳಿಗೆ ಸಿಮೆಂಟ್ ಗೆರೆ ಸಹ ತಿದ್ದಿದ್ದರು. ಅರ್ಧ ಗೋಡೆ ಹೊಟ್ಟೆ ಉಬ್ಬಿ ಮಗುಚಿತ್ತು, ಅರ್ಧ ಇನ್ನೂ ನಿಂತಿತ್ತು. ನಿಂತ ಭಾಗದಲ್ಲಿ ನಾಲ್ಕು ನಾಲ್ಕು ಅಡಿಗೆ ಪೈಪಿನ ತೂತುಗಳು ಸಾಲಾಗಿ ಕಾಣುತ್ತಿದ್ದವು. ಮನೆಯ ಯಜಮಾನರು "ತೂತು ಬಿಟ್ಟೇವಲ್ರೀ" ಎಂದು ತೋರಿಸಿದರು. ಅಲ್ಲೇ ಬಿದ್ದಿದ್ದ ಕಡ್ಡಿಯೊಂದನ್ನು ತೂತಿಗೆ ಹಾಕಿದೆ. ಒಂದು ಗೇಣು ಹೋಗಿ ಟಕ್ ಎಂದು ನಿಂತಿತು. ಮುಂದಿನದಕ್ಕೆ ಹಾಕಿದೆ, ಅಲ್ಲೂ ಹಾಗೇ. ಒಂಬತ್ತು ತೂತುಗಳಲ್ಲಿ ಒಂದೂ ಗೋಡೆ ದಾಟಿ ಹಿಂದಕ್ಕೆ ಹೋಗಿರಲಿಲ್ಲ. ಪೈಪಿನ ತುಂಡುಗಳನ್ನು ಮುಂದಿನ ಕಲ್ಲಿನ ಸಾಲಿನಲ್ಲಷ್ಟೇ ಕೂರಿಸಿ, ಹಿಂದೆ ಗಾರೆ ತುಂಬಿಬಿಟ್ಟಿದ್ದರು. ಒಣ ತೂತಿನೊಳಗೆ ಜೇಡ ಬಲೆ ಕಟ್ಟಿತ್ತು. ಮೂರು ದಿನದ ಜಡಿಮಳೆಯಲ್ಲಿ ಆ ತೂತುಗಳಿಂದ ಹನಿ ನೀರೂ ಬಂದಿರಲಿಲ್ಲ ಎಂದು ಆಮೇಲೆ ಆ ಮನೆಯ ಹೆಣ್ಣುಮಗಳು ಹೇಳಿದಳು. ಯಾರೂ ಅದನ್ನು ಅಪಾಯ ಎಂದು ತಿಳಿದಿರಲಿಲ್ಲ, ಒಳ್ಳೆಯದೇ ಆಯಿತು ಎಂದುಕೊಂಡಿದ್ದರು.

ಮುಂದೆಂದಾದರೂ ನೀವು ಸಣ್ಣ ಗೋಡೆ ಕಟ್ಟಿಸಿದರೆ ಮೂರು ಇಲ್ಲವೇ ನಾಲ್ಕು ಇಂಚಿನ ಪೈಪು ಗೋಡೆಯ ಪೂರ್ತಿ ದಪ್ಪಕ್ಕೆ, ಹೊರಮುಖವಾಗಿ ಸ್ವಲ್ಪ ಇಳಿದು, ನಾಲ್ಕೈದು ಅಡಿಗೊಂದರಂತೆ ಮೇಲಿನ ಸಾಲಿನದು ಕೆಳಗಿನ ಎರಡರ ನಡುವೆ ಬರುವ ಹಾಗೆ ಇರಲಿ. ಗೋಡೆಯ ಹಿಂದೆ ಒಂದು ಅಡಿ ದಪ್ಪ ಖಡಿಯ ಪದರ, ಖಡಿ ಮತ್ತು ಮಣ್ಣಿನ ನಡುವೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ಆ ಬಟ್ಟೆ ಇಲ್ಲದಿದ್ದರೆ ಎರಡು ವರ್ಷದಲ್ಲಿ ಖಡಿ ರಾಡಿ ತುಂಬಿ ಕಟ್ಟಿಕೊಳ್ಳುತ್ತದೆ. ಕಟ್ಟುವಾಗ ನೀವೇ ನಿಂತು ಪ್ರತಿ ಪೈಪಿನಲ್ಲೂ ಕಡ್ಡಿ ಹಾಕಿ ನೋಡಿ.

ನಿಮ್ಮ ಜಾಗಕ್ಕೆ ಗೋಡೆಗಿಂತ ಹೆಚ್ಚು ಬೇಕಾದದ್ದು ಬುಡದ ರಕ್ಷಣೆ. ಹಳ್ಳ ಮಳೆಗಾಲದಲ್ಲಿ ಇಳಿಜಾರಿನ ಪಾದವನ್ನು ಕೊರೆಯುತ್ತಿದ್ದರೆ ಮೇಲೆ ಏನು ಮಾಡಿದರೂ ದಕ್ಕುವುದಿಲ್ಲ. ಅಲ್ಲಿ ಗೇಬಿಯನ್ ಒಳ್ಳೆಯದು, ಅಂದರೆ ತಂತಿ ಜಾಳಿಗೆಯ ಪೆಟ್ಟಿಗೆಗಳಲ್ಲಿ ಕಲ್ಲು ತುಂಬಿ ಜೋಡಿಸುವುದು. ಅದರ ಸಂದುಗಳಲ್ಲಿ ನೀರು ತಾನೇ ಹೊರಗೆ ಬರುತ್ತದೆ, ನೆಲ ಸ್ವಲ್ಪ ಕುಸಿದರೂ ಒಡೆಯದೆ ಬಾಗುತ್ತದೆ. ಕಲ್ಲುಗಳು ಜಾಳಿಗೆಯ ಕಣ್ಣಿಗಿಂತ ದೊಡ್ಡವಿರಬೇಕು, ಮೊದಲ ಸಾಲು ಹಳ್ಳದ ತಳಕ್ಕಿಂತ ಎರಡು ಮೂರು ಅಡಿ ಕೆಳಗೆ ಕೂರಬೇಕು. ಒಂದು ಎಚ್ಚರಿಕೆ: ಹಳ್ಳ ಸಾಮಾನ್ಯವಾಗಿ ಬ ಖರಾಬಿನಲ್ಲಿ, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಸರ್ಕಾರಿ ಜಾಗದಲ್ಲಿ, ಇರುತ್ತದೆ, ನಿಮ್ಮದಲ್ಲ. ಸರ್ವೇ ನಕ್ಷೆ ನೋಡಿ, ತಹಶೀಲ್ದಾರ್ ಕಚೇರಿಯಲ್ಲಿ ಕೇಳಿಯೇ ಕೈ ಹಚ್ಚಿ. ಹಳ್ಳದ ಅಗಲ ಕಡಿಮೆ ಮಾಡಿದರೆ ಅದು ಎದುರು ದಂಡೆಯವರ ಹೊಲ ತಿನ್ನುತ್ತದೆ.

ಲಾವಂಚದ ಬಗ್ಗೆ ಕೇಳಿದ್ದೀರಿ. ಖಂಡಿತ ಹಚ್ಚಿ. ಇಳಿಜಾರಿಗೆ ಅಡ್ಡವಾಗಿ, ಸಮಮಟ್ಟದ ಸಾಲುಗಳಲ್ಲಿ, ನಾಲ್ಕರಿಂದ ಆರು ಇಂಚಿಗೊಂದು ಬುಡ. ಮೂರು ಅಡಿ ಇಳಿದಂತೆ ಮತ್ತೊಂದು ಸಾಲು. ಮೃಗಶಿರಾ ಮಳೆ ಬಿದ್ದ ಕೂಡಲೇ ಹಚ್ಚಿದರೆ ಬೇಗ ಹಿಡಿಯುತ್ತದೆ. ಸಾಲುಗಳ ನಡುವೆ ಕರಕಿ ಹಬ್ಬಲಿ, ಬೋಳು ಜಾಗಕ್ಕೆ ತೆಂಗಿನ ನಾರಿನ ಚಾಪೆ ಹಾಸಿ ಗೂಟ ಹೊಡೆಯಿರಿ. ಒಳ್ಳೆಯ ಮಣ್ಣಿನಲ್ಲಿ ಲಾವಂಚದ ಬೇರು ಕೆಲವೇ ವರ್ಷಗಳಲ್ಲಿ ಎರಡು ಮೂರು ಮೀಟರ್ ಇಳಿಯುತ್ತದೆ. ಮೇಲ್ಮಣ್ಣು ಕೊಚ್ಚಿಹೋಗುವುದನ್ನು ಅದು ಚೆನ್ನಾಗಿ ತಡೆಯುತ್ತದೆ. ಬೇರಿಗಿಂತ ಆಳದಲ್ಲಿ ಜೇಡಿಯ ಮೇಲೆ ಇಡೀ ದಂಡೆ ಜಾರುವುದನ್ನು ತಡೆಯಲಾರದು. ಈಗಿರುವ ಗಿಡಗಂಟಿಗಳನ್ನು "ಸ್ವಚ್ಛ ಮಾಡುತ್ತೇವೆ" ಎಂದು ಜೆಸಿಬಿ ಇಳಿಸಬೇಡಿ. ಮರ ಕಡಿದರೆ ಅದರ ಬೇರು ಕೆಲವು ವರ್ಷದಲ್ಲಿ ಕೊಳೆಯುತ್ತದೆ, ದಂಡೆ ಸಡಿಲಾಗುವುದು ಆಗ.

ಪಾಯ ತೋಡಿದ ಮಣ್ಣನ್ನು ಹಿಂದಿನ ಇಳಿಜಾರಿಗೆ ಚೆಲ್ಲುವುದು ನಮ್ಮಲ್ಲಿ ರೂಢಿ, ಟ್ರ್ಯಾಕ್ಟರ್ ಬಾಡಿಗೆ ಉಳಿಯುತ್ತದೆ ಎಂದು. ದಯವಿಟ್ಟು ಬೇಡ. ಸಡಿಲ ಮಣ್ಣು ನೀರು ಕುಡಿದು ಭಾರವಾಗಿ, ಕೆಳಗಿನ ಗಟ್ಟಿ ನೆಲವನ್ನೂ ಎಳೆದುಕೊಂಡು ಹೋಗುತ್ತದೆ. ಗುತ್ತಿಗೆದಾರರ ಜೊತೆ ಬರೆಯುವ ಕರಾರಿನಲ್ಲೇ ಇದನ್ನು ಒಂದು ಸಾಲು ಸೇರಿಸಿ. ಹಾಗೆಯೇ ಮನೆಯ ಎಲ್ಲ ಪಾಯವೂ ಮೂಲ ಗಟ್ಟಿ ನೆಲದಲ್ಲೇ ಕೂರಬೇಕು. ಮುಂದಿನ ಅರ್ಧ ಗಟ್ಟಿಯಲ್ಲಿ, ಹಿಂದಿನ ಅರ್ಧ ತುಂಬಿದ ಮಣ್ಣಿನಲ್ಲಿ ಕೂತ ಮನೆಗಳು ಮಧ್ಯಕ್ಕೆ ಸೀಳುತ್ತವೆ.

ಇದನ್ನು ಓದುವ ವಿಜಯಪುರ, ಬಾಗಲಕೋಟೆಯ ಕಡೆಯವರಿಗೆ ಎರಡು ಮಾತು. ನಿಮ್ಮ ಎರಿ ಮಣ್ಣಿನ, ಅಂದರೆ ಕಪ್ಪು ಮಣ್ಣಿನ, ಸ್ವಭಾವ ಬೇರೆ. ಅದು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಯಲ್ಲಿ ಉಬ್ಬುತ್ತದೆ, ಸಣ್ಣ ಇಳಿಜಾರಿನಲ್ಲೂ ವರ್ಷ ವರ್ಷ ಸ್ವಲ್ಪ ಸ್ವಲ್ಪ ಕೆಳಗೆ ಸರಿಯುತ್ತದೆ. ಹಳ್ಳದ ದಂಡೆಯ ಎರಿಯಲ್ಲಿ ಮನೆ ಕಟ್ಟುವವರು ಇಲ್ಲಿ ಹೇಳಿದ ಅಳತೆಗಳನ್ನು ಹಾಗೇ ಎತ್ತಿಕೊಳ್ಳಬಾರದು. ಬಾದಾಮಿಯಂಥ ಮರಳುಗಲ್ಲಿನ ಗುಡ್ಡದ ಬುಡದಲ್ಲಿ ಇರುವವರಿಗೆ ಮಣ್ಣಿಗಿಂತ ಮೇಲಿನಿಂದ ಉರುಳುವ ಬಂಡೆಯ ಚಿಂತೆ ದೊಡ್ಡದು.

ಮತ್ತೆ ನಿಮ್ಮ ಜಾಗಕ್ಕೆ ಬರುತ್ತೇನೆ. ಮಾಡುವ ಕ್ರಮ ಹೀಗಿರಲಿ. ಈಗ, ನೆಲ ಒಣಗಿರುವಾಗ, ಬಿರುಕನ್ನು ಒಂದು ಅಡಿ ಅಗಲಕ್ಕೆ, ಎರಡು ಅಡಿ ಆಳಕ್ಕೆ ತೋಡಿ, ಜಿಗುಟು ಮಣ್ಣನ್ನು ನಾಲ್ಕು ನಾಲ್ಕು ಇಂಚಿನ ಪದರದಲ್ಲಿ ದಮ್ಮಸು ಹೊಡೆದು ತುಂಬಿ. ಹಿತ್ತಲಿನ ನೆಲ ಹಳ್ಳದ ಕಡೆಗೆ ವಾಲದೆ ಒಳಕ್ಕೆ, ಮೆಟ್ಟಿಲ ಗಟಾರದ ಕಡೆಗೆ ವಾಲುವಂತೆ ಸವರಿ. ಮೃಗಶಿರಾ ಮಳೆಗೆ ಮೊದಲು ಮುಂದಿನ ಗಟಾರ ಮತ್ತು ಮೆಟ್ಟಿಲ ಗಟಾರ ಮುಗಿಸಿ. ಮನೆ ಮಾತ್ರ ಈ ವರ್ಷ ಬೇಡ. ಒಂದು ಮಳೆಗಾಲ ಗಟಾರ ಹೇಗೆ ದುಡಿಯುತ್ತದೆ ನೋಡಿ, ದೀಪಾವಳಿ ಆದ ಮೇಲೆ ಪಾಯ ಹಾಕಿ. ಮದುವೆ, ಬ್ಯಾಂಕಿನ ಸಾಲ, ಬಾಡಿಗೆ ಮನೆ ಎಂದು ಅವಸರದ ಕಾರಣಗಳು ಎಲ್ಲರಿಗೂ ಇರುತ್ತವೆ, ನನಗೆ ಗೊತ್ತು. ಆದರೂ ಈ ಒಂದು ವರ್ಷವನ್ನು ನಾನು ಬಿಟ್ಟುಕೊಡುವುದಿಲ್ಲ.

ಆ ಮಳೆಗಾಲದಲ್ಲಿ ಜೋರು ಮಳೆ ಹೊಡೆಯುವಾಗ ಒಮ್ಮೆ ಕೊಡೆ ಹಿಡಿದು ರಸ್ತೆಯ ಕಡೆ ನಿಂತು ನೋಡಿ. ನೀರು ಗಟಾರಕ್ಕೆ ಇಳಿಯುತ್ತಿದೆಯೇ, ಮೇಲೆ ಹಾರಿ ಒಳಗೆ ಬರುತ್ತಿದೆಯೇ. ಜೋರು ಮಳೆಯಲ್ಲಿ ಅಂಚಿನ ಹತ್ತಿರ ಮಾತ್ರ ಹೋಗಬೇಡಿ. ಬಿರುಕಿದ್ದ ಜಾಗದ ಎರಡೂ ಬದಿಗೆ ಮೂರು ಅಡಿ ಉದ್ದದ ಕಬ್ಬಿಣದ ಸರಳುಗಳನ್ನು ಜೋಡಿಜೋಡಿಯಾಗಿ ಮೂರು ಕಡೆ ಈಗಲೇ ಬಡಿದಿಡಿ. ತಲೆಯಿಂದ ತಲೆಗೆ ಟೇಪು ಹಿಡಿದು ಅಳೆದು, ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಪ್ರತಿ ಭಾನುವಾರ, ಮತ್ತು ದೊಡ್ಡ ಮಳೆ ನಿಂತ ಮರುದಿನ, ಅದೇ ಅಳತೆ. ಎರಡು ಮೂರು ಮಿಲಿಮೀಟರ್ ಟೇಪಿನ ತಪ್ಪು ಇರಬಹುದು. ವಾರದಿಂದ ವಾರಕ್ಕೆ ಬೆಳೆಯುತ್ತಾ ಹೋದರೆ ಬಿರುಕಿನ ಮೇಲೆ ತಾಡಪತ್ರಿ ಹೊದಿಸಿ, ಅತ್ತ ಯಾರನ್ನೂ, ದನಕರುಗಳನ್ನೂ ಬಿಡದೆ, ಎಂಜಿನಿಯರನ್ನು ಕರೆಸಿ. ಆಶ್ಲೇಷಾ ಮಳೆ ಮುಗಿದ ಮೇಲೆ ಆ ಮೂರು ಜೋಡಿ ಸರಳುಗಳ ಅಳತೆಯನ್ನು, ದಿನಾಂಕದ ಸಮೇತ, ನನಗೆ ಬರೆದು ಕಳಿಸಿ. ಪಾಯ ಎಲ್ಲಿ ಹಾಕಬೇಕೆಂಬ ಕೊನೆಯ ಮಾತನ್ನು ಅದನ್ನು ನೋಡಿ ಹೇಳುತ್ತೇನೆ.